ಎದುರಿಗೊಬ್ಬರು ಕೂತಿದ್ದರೆ: ತಾಳಮದ್ದಳೆಯೂ ಸಭಾಕಂಪವೂ

ಸಭಾಕಂಪವೆಂದರೆ ಮನಸ್ಸಿನ ದೌರ್ಬಲ್ಯ, ಧೈರ್ಯ ತುಂಬಿದರೆ ಹೋಗುತ್ತದೆ ಎಂಬುದು ಈಗಿನ ನಂಬಿಕೆ. ದೀರ್ಘವಾಗಿ ಉಸಿರೆಳೆದುಕೊಳ್ಳಿ, ಕನ್ನಡಿ ಮುಂದೆ ಅಭ್ಯಾಸ ಮಾಡಿ ಎಂಬ ಸಲಹೆಗಳೆಲ್ಲ ಮಾತಾಡುವವನೊಬ್ಬನನ್ನೇ ರಿಪೇರಿ ಮಾಡಲು ಹೊರಡುತ್ತವೆ. ಕರಾವಳಿ, ಮಲೆನಾಡುಗಳ ತಾಳಮದ್ದಳೆಯ ಚರಿತ್ರೆ ಇದಕ್ಕೆ ಒಳ್ಳೆಯ ಉತ್ತರ. ಅಡಿಕೆ ತೋಟದವರು, ಶಾಲೆಯ ಮಾಸ್ತರರು, ಅಂಗಡಿಯವರು, ಪುರೋಹಿತರು ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ರಾತ್ರಿಯಿಡೀ ರಾವಣನಾಗಿ, ಕರ್ಣನಾಗಿ ವಾದಿಸಿದ್ದಾರೆ. ಇವರೆಲ್ಲ ಹುಟ್ಟಾ ಮಾತುಗಾರರು ಎನ್ನುವುದು ಸುಲಭದ ವಿವರಣೆ. ಅವರು ಕೂತ ಸಭೆಯ ಕಟ್ಟುಪಾಡೇ ಅಂಜಿಕೆಗೆ ಎಡೆ ಕೊಡದಂತಿತ್ತು ಎನ್ನುವುದು ನನ್ನ ವಾದ.

ಬಳ್ಳಾರಿ ಸೀಮೆಯ ಕುರುಗೋಡು ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಹೆಸರು ಅಷ್ಟು ಹಳೆಯದು. ಇಂದು ನಾವು ಕಾಣುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಯಕ್ಷಗಾನ ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಪದ್ಯ ಮುಗಿದೊಡನೆ ಪಾತ್ರ ವಹಿಸಿದ ಅರ್ಥಧಾರಿ ಆಶುವಾಗಿ ಅರ್ಥ ಹೇಳುತ್ತಾನೆ. ಈ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅರ್ಥಧಾರಿ ಕೂತಿರುತ್ತಾನೆ, ಹಾಗಾಗಿ ಕಾಲು ನಡುಗಿದರೂ ಯಾರಿಗೂ ಕಾಣುವುದಿಲ್ಲ. ಪದ್ಯ ಸಾಗುವಷ್ಟು ಹೊತ್ತು ಅವನಿಗೆ ಯೋಚಿಸಲು ಬಿಡುವು. ಏನು ಹೇಳಬೇಕೆಂಬುದರ ಎಳೆಯೂ ಅದೇ ಪದ್ಯದಲ್ಲಿ ಸಿಗುತ್ತದೆ. ನಡುವೆ ಮಾತು ತಡವರಿಸಿದರೆ ಅನುಭವಿ ಭಾಗವತರಿಗೆ ಅದು ಮುಖ ನೋಡಿಯೇ ತಿಳಿಯುತ್ತದೆ, ಮುಂದಿನ ಪದ್ಯ ಎತ್ತಿಕೊಂಡುಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಅವನು ಸಭೆಗೆ ಮಾತಾಡುವುದೇ ಇಲ್ಲ. ಪೀಠಿಕೆಯೊಂದನ್ನು ಬಿಟ್ಟರೆ ಉಳಿದ ಮಾತೆಲ್ಲ ಎದುರು ಕೂತ ಇನ್ನೊಬ್ಬ ಅರ್ಥಧಾರಿಗೆ. ಬಾಣ ನಾಟಿದ ವಾಲಿ ಪ್ರಶ್ನೆ ಕೇಳುವುದು ರಾಮನನ್ನು; ಜನ ಅದನ್ನು ಪಕ್ಕದಲ್ಲಿದ್ದು ಕೇಳಿಸಿಕೊಳ್ಳುತ್ತಾರೆ, ಅಷ್ಟೆ. ನೂರು ಮುಖಗಳ ಭಾರ ಒಂದು ಮುಖಕ್ಕೆ ಇಳಿಯುತ್ತದೆ.

ಕಲಿಕೆಯ ಕ್ರಮವೂ ಇದಕ್ಕೆ ಹೊಂದುವಂಥದ್ದೇ. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ದಕ್ಷಿಣ ಕನ್ನಡದ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲವೆಲ್ಲ ತಾಳಮದ್ದಳೆಯದು. ದೇವಸ್ಥಾನದ ಚಾವಡಿ, ಭಜನಾಮಂದಿರ, ಯಾರದೋ ಮನೆಯ ಜಗಲಿಯಲ್ಲಿ ಕೂಟ. ಹೊಸಬನಿಗೆ ಮೊದಲು ಸಿಗುವುದು ದೂತ, ಚಾರಕನಂಥ ಎರಡು ಮಾತಿನ ಪಾತ್ರ. ಕೃಷ್ಣಸಂಧಾನದಲ್ಲಿ ಕೌರವನ ಅರ್ಥಕ್ಕೆ ಅವನನ್ನು ಯಾರೂ ಎಳೆದು ತಂದು ಕೂರಿಸುವುದಿಲ್ಲ. ಮೊದಮೊದಲು ಅರ್ಥವನ್ನು ಬರೆದು ಬಾಯಿಪಾಠ ಮಾಡುವವರುಂಟು. ಎದುರಾಳಿ ಬರೆದಿಟ್ಟ ಪ್ರಕಾರ ಮಾತಾಡುವುದಿಲ್ಲವಾದ್ದರಿಂದ ಆ ಚಟ ತಾನಾಗಿಯೇ ಬಿಡುತ್ತದೆ. ಇನ್ನೊಂದು ಸಂಗತಿಯನ್ನು ಹೊರಗಿನವರು ಗಮನಿಸುವುದು ಕಡಿಮೆ: ಇವರಲ್ಲಿ ಬಹುಮಂದಿಯ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ ಅಥವಾ ಮರಾಠಿ. ಕೂಟದಲ್ಲಿ ಆಡಬೇಕಾದದ್ದು ಇಂಗ್ಲಿಷಿನ ಸೋಂಕಿಲ್ಲದ ಗ್ರಾಂಥಿಕ ಕನ್ನಡ. ಇಂಗ್ಲಿಷಿನಲ್ಲಿ ಪ್ರೆಸೆಂಟೇಶನ್ ಕೊಡಬೇಕಾದ ಇಂದಿನ ಉದ್ಯೋಗಿಯ ಕಷ್ಟಕ್ಕೆ ಇದು ತೀರ ದೂರದ್ದಲ್ಲ.

ಪುರಾಣದ ಕಥೆ ಎಲ್ಲರಿಗೂ ಗೊತ್ತು, ಅಂಥ ಸಿದ್ಧ ಸರಕು ಮಾತಾಡುವುದೇನು ಮಹಾ ಎನ್ನಬಹುದು. ಕಥೆ ಗೊತ್ತಿರುವುದರಿಂದಲೇ ಕೆಲಸ ಕಷ್ಟ. ಕೇಳುವವನಿಗೆ ಸುದ್ದಿಯ ಹಸಿವಿಲ್ಲ, ವಾದದ ಹೊಸತನ ಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಜನ ಮತ್ತೆ ಮತ್ತೆ ಕೇಳಿದ್ದು ಕಥೆಗಲ್ಲ. ಅವರು ಹರಿಕಥೆಯನ್ನೂ ಮಾಡುತ್ತಿದ್ದವರು, ಗುಡುಗಬಲ್ಲವರು. ಇನ್ನೊಬ್ಬ ಅರ್ಥಧಾರಿ ದೇರಾಜೆ ಸೀತಾರಾಮಯ್ಯನವರದು ಮನೆಯಲ್ಲಿ ಕೂತು ಮಾತಾಡಿದಂಥ ಶೈಲಿ. ಒಂದೇ ಕೂಟ ಇಬ್ಬರಿಗೂ ಜಾಗ ಕೊಟ್ಟಿತು. ಚೆನ್ನಾಗಿ ಮಾತಾಡಲು ಗಟ್ಟಿ ಗಂಟಲು ಬೇಕೆಂಬ ಭ್ರಮೆಗೆ ಇದೇ ಉತ್ತರ. ಇನ್ನೊಂದು ಆಕ್ಷೇಪ ಇಷ್ಟು ಸುಲಭದ್ದಲ್ಲ. ಜಿದ್ದಿಗೆ ಬಿದ್ದ ಹಿರಿಯರು ಕಿರಿಯನನ್ನು ಶ್ಲೋಕದ ಇಕ್ಕಟ್ಟಿಗೆ ಸಿಕ್ಕಿಸಿ ಮಜಾ ನೋಡಿದ್ದುಂಟು. ಹಾಗೆ ಬಾಯಿ ಕಟ್ಟಿಸಿಕೊಂಡು ಮತ್ತೆ ಕೂರದವರೂ ಇದ್ದಾರೆ. ಹೆಣ್ಣುಮಕ್ಕಳಿಗಂತೂ ಬಹುಕಾಲ ಅಲ್ಲಿ ಶ್ರೋತೃಗಳ ಸಾಲೇ ಗತಿಯಾಗಿತ್ತು. ಮಹಿಳಾ ತಂಡಗಳು ಬಂದದ್ದು ತಡವಾಗಿ. ಇದು ಪದ್ಧತಿಯ ದೋಷವೇ, ಮುಚ್ಚಿಡುವಂಥದ್ದಲ್ಲ. ಆದರೆ ಅವಕಾಶ ಸಿಕ್ಕಿದೊಡನೆ ಆ ಮಹಿಳೆಯರು ಇದೇ ಪದ್ಯ, ಇದೇ ಎದುರು ಅರ್ಥ ಹಿಡಿದು ಸಲೀಸಾಗಿ ಮಾತಾಡಿದ್ದು ನನ್ನ ವಾದವನ್ನು ಗಟ್ಟಿಮಾಡುತ್ತದೆ: ಕೊರತೆ ಇದ್ದದ್ದು ಅವರ ಧೈರ್ಯದಲ್ಲಲ್ಲ.

ನಮ್ಮ ಶಾಲೆಗಳ ಭಾಷಣ ಸ್ಪರ್ಧೆ ಇದೆಲ್ಲಕ್ಕೆ ತದ್ವಿರುದ್ಧ. ಮಗುವನ್ನು ಒಂಟಿಯಾಗಿ ಮೈಕಿನ ಮುಂದೆ ನಿಲ್ಲಿಸುತ್ತೇವೆ, ಮೇಷ್ಟ್ರೋ ಅಪ್ಪನೋ ಬರೆದದ್ದನ್ನು ಒಪ್ಪಿಸಲು ಹೇಳುತ್ತೇವೆ, ಮರೆತರೆ ಎತ್ತಿಕೊಡುವವರಿಲ್ಲ, ನಡುವೆ ಗಂಟೆ ಬೇರೆ ಬಾರಿಸುತ್ತೇವೆ. ಆಮೇಲೆ ಮಗುವಿಗೆ ಸಭಾಕಂಪ ಎನ್ನುತ್ತೇವೆ. ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುವುದಿಷ್ಟೆ: ಈ ವರ್ಷದ ಸ್ಪರ್ಧೆಗೆ ಇಬ್ಬಿಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ, ಇಬ್ಬರಿಗೂ ಗೊತ್ತಿರುವ ಒಂದು ಕಥೆ ಕೊಡಿ, ತಡವರಿಸಿದಾಗ ಎತ್ತಿಕೊಡಲು ನೀವು ಪಕ್ಕದಲ್ಲಿರಿ.