ವಸ್ಸಾವಾಸ: ಭಿಕ್ಷುಗಳ ಮಳೆಗಾಲ, ಗೃಹಸ್ಥರ ಹೊಣೆ

ಬೌದ್ಧ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನೆಲೆಸಬೇಕೆಂಬ ಕಟ್ಟಳೆಗೆ ಪಾಲಿ ಭಾಷೆಯಲ್ಲಿ ವಸ್ಸಾವಾಸವೆಂದು ಹೆಸರು. ಕನ್ನಡ ನಾಡಿನಲ್ಲಿ ಜೈನ ಮುನಿಗಳೂ ಮಠಾಧೀಶರೂ ಇಂದಿಗೂ ಆಚರಿಸುವ ಚಾತುರ್ಮಾಸ್ಯ ಇದರ ಒಡಹುಟ್ಟು. ಸಂಘದ ಶಿಸ್ತನ್ನು ನಿರೂಪಿಸುವ ವಿನಯಪಿಟಕದ ಮಹಾವಗ್ಗ ಎಂಬ ಭಾಗದಲ್ಲಿ ಈ ಕಟ್ಟಳೆ ಹುಟ್ಟಿದ ಬಗೆ ದಾಖಲಾಗಿದೆ. ಬುದ್ಧನು ರಾಜಗೃಹದ ವೇಣುವನದಲ್ಲಿದ್ದಾಗ, ಆತನ ಶಿಷ್ಯರು ಮಳೆಗಾಲದಲ್ಲಿಯೂ ತಿರುಗಾಡುತ್ತ ಹಸಿರು ಹುಲ್ಲನ್ನು ತುಳಿದು ಸಣ್ಣ ಜೀವಗಳನ್ನು ಕೊಲ್ಲುತ್ತಾರೆ, ಬೇರೆ ಪಂಥದ ಸಂನ್ಯಾಸಿಗಳಿಗೂ ಮರದ ತುದಿಯಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಇರುವ ಎಚ್ಚರ ಇವರಿಗಿಲ್ಲ ಎಂದು ಜನರು ದೂರಿದರಂತೆ. ಅಹಿಂಸೆಯ ತತ್ತ್ವ ಸಂಘಕ್ಕೆ ಹೊಸದೇನೂ ಆಗಿರಲಿಲ್ಲ. ಆದರೆ ಅದನ್ನು ದಿನನಿತ್ಯದ ನಡೆಗೆ ಅನ್ವಯಿಸಿ ತೋರಿಸಿದವರು ಇಲ್ಲಿ ಗೃಹಸ್ಥರು. ವಿನಯದ ಎಷ್ಟೋ ನಿಯಮಗಳಿಗೆ ಇದೇ ಬಗೆಯ ದೂರು ಹಿನ್ನೆಲೆಯಾಗಿರುವುದರಿಂದ, ಭಿಕ್ಷುಗಳ ನೀತಿಸಂಹಿತೆಯನ್ನು ವಿಹಾರದ ಒಳಗೇ ರೂಪುಗೊಂಡದ್ದೆಂದು ಓದುವುದು ಅರೆಬರೆ ಓದಾಗುತ್ತದೆ.

ಆಷಾಢ ಹುಣ್ಣಿಮೆಯ ಮರುದಿನ ವಾಸ ಆರಂಭವಾಗುತ್ತಿತ್ತು. ಅದು ತಪ್ಪಿದರೆ ಒಂದು ತಿಂಗಳ ನಂತರ ಎರಡನೆಯ ಅವಕಾಶವಿತ್ತು. ಮರದ ಪೊಟರೆಯಲ್ಲಿ, ಬಯಲಿನಲ್ಲಿ, ಕೊಡೆಯ ಕೆಳಗೆ, ದೊಡ್ಡ ಮಣ್ಣಿನ ಹಂಡೆಯೊಳಗೆ ವಸ್ಸ ಕಳೆಯಬಾರದೆಂಬ ನಿಷೇಧಗಳನ್ನು ನೋಡಿದರೆ, ಇವೆಲ್ಲವನ್ನೂ ಯಾರೋ ಒಮ್ಮೆ ಪ್ರಯತ್ನಿಸಿಯೇ ಇದ್ದಿರಬೇಕೆಂದು ತೋರುತ್ತದೆ. ಗೋವಳರ ಬೀಡು, ವ್ಯಾಪಾರಿಗಳ ಸಾರ್ಥ, ಹಡಗು ಇವುಗಳಲ್ಲಿ ಇರಲು ಮಾತ್ರ ಅನುಮತಿಯಿತ್ತು. ಆಶ್ರಯ ನೀಡಿದ ಹಳ್ಳಿ ಕಳ್ಳರ ಭಯದಿಂದ ಗುಳೆ ಎದ್ದರೆ ಭಿಕ್ಷುವೂ ಅದರೊಂದಿಗೆ ಹೋಗಬಹುದಿತ್ತು. ಹಳ್ಳಿ ಎರಡು ಪಾಲಾದರೆ ಹೆಚ್ಚು ಜನರಿರುವ ಪಾಲನ್ನೂ, ಅವರಲ್ಲಿ ಶ್ರದ್ಧೆಯಿಲ್ಲದಿದ್ದರೆ ಶ್ರದ್ಧಾವಂತರಿರುವ ಪಾಲನ್ನೂ ಸೇರಬೇಕಿತ್ತು. ತಂದೆತಾಯಿಗಳ ಕಾಯಿಲೆ, ಉಪಾಸಕರ, ಎಂದರೆ ಗೃಹಸ್ಥ ಅನುಯಾಯಿಗಳ, ಆಹ್ವಾನ ಮುಂತಾದ ಕಾರಣಗಳಿಗೆ ಏಳು ದಿನಗಳ ಮಟ್ಟಿಗೆ ಹೊರಗೆ ಹೋಗಿಬರಲು ಅವಕಾಶವಿತ್ತು. ವಾಸದ ಆರಂಭವನ್ನು ಮುಂದೂಡಬೇಕೆಂದು ಮಗಧದ ಅರಸ ಬಿಂಬಿಸಾರನು ಹೇಳಿಕಳುಹಿಸಿದಾಗ, ಅರಸರ ಮಾತಿಗೆ ಒಪ್ಪಿ ನಡೆಯಬಹುದೆಂದು ಬುದ್ಧನು ತಿಳಿಸಿದನು.

ಮೂರು ತಿಂಗಳು ಒಂದೇ ಸೂರಿನಡಿ ಬದುಕುವವರಲ್ಲಿ ಮನಸ್ತಾಪಗಳು ಸಹಜ. ಕೋಸಲದ ಕೆಲವು ಭಿಕ್ಷುಗಳು ಜಗಳವೇ ಬೇಡವೆಂದು ವಾಸದುದ್ದಕ್ಕೂ ಪರಸ್ಪರ ಮಾತನಾಡದೆ ಇದ್ದು, ನೆಮ್ಮದಿಯಿಂದ ಕಳೆದೆವೆಂದು ಬುದ್ಧನಲ್ಲಿ ಹೇಳಿಕೊಂಡಾಗ, ಆತನು ಅದು ಪಶುಗಳ ಸಹವಾಸವೆಂದು ಖಂಡಿಸಿ ಪವಾರಣೆ ಎಂಬ ಆಚರಣೆಯನ್ನು ವಿಧಿಸಿದನು. ವಾಸದ ಕೊನೆಯಲ್ಲಿ ಹಿರಿಯರಿಂದ ಮೊದಲ್ಗೊಂಡು ಪ್ರತಿಯೊಬ್ಬನೂ, ತನ್ನಲ್ಲಿ ಕಂಡ, ಕೇಳಿದ ಅಥವಾ ಶಂಕಿಸಿದ ತಪ್ಪುಗಳನ್ನು ಎತ್ತಿ ಹೇಳಿರೆಂದು ಉಳಿದವರನ್ನು ಬೇಡಿಕೊಳ್ಳುವುದೇ ಪವಾರಣೆ. ಮೌನವನ್ನು ಸಾಧನೆಯೆಂದು ಮೆಚ್ಚುವವರಿಗೆ ಈ ಪ್ರಸಂಗ ಇಂದಿಗೂ ಅನಿರೀಕ್ಷಿತವೆನಿಸಬಹುದು.

ಇನ್ನುಳಿದದ್ದು ಬಟ್ಟೆಯ ಪ್ರಶ್ನೆ. ಮಳೆಯಲ್ಲಿ ಬೆತ್ತಲೆಯಾಗಿ ಮೀಯುತ್ತಿದ್ದ ಭಿಕ್ಷುಗಳನ್ನು ಕಂಡ ದಾಸಿಯೊಬ್ಬಳು ಅವರನ್ನು ಆಜೀವಕ ಪಂಥದವರೆಂದು ಭಾವಿಸಿ ಹಿಂದಿರುಗಿದ ಮೇಲೆ, ಅವಳ ಒಡತಿ, ಶ್ರಾವಸ್ತಿಯ ಉಪಾಸಿಕೆ ವಿಶಾಖೆಯು ಬುದ್ಧನಲ್ಲಿ ಎಂಟು ವರಗಳನ್ನು ಕೇಳಿದಳು. ಮಳೆಯ ಸ್ನಾನಕ್ಕೆ ಬಟ್ಟೆ ಕೊಡುವ ಅವಕಾಶ ಅವುಗಳಲ್ಲಿ ಒಂದು. ಶ್ರಾವಸ್ತಿಯನ್ನು ಸಕಾಲಕ್ಕೆ ತಲುಪಲಾಗದೆ ಸಾಕೇತದಲ್ಲಿ ವಸ್ಸ ಕಳೆದ ಮೂವತ್ತು ಮಂದಿ ಭಿಕ್ಷುಗಳು ತೊಯ್ದ ಚೀವರಗಳಲ್ಲೇ, ಎಂದರೆ ಭಿಕ್ಷುವಸ್ತ್ರಗಳಲ್ಲೇ, ಬುದ್ಧನೆಡೆಗೆ ಬಂದದ್ದು ಕಠಿಣ ಎಂಬ ವಿಧಿಗೆ ಕಾರಣವಾಯಿತು: ವಾಸ ಮುಗಿದ ನಂತರದ ಒಂದು ತಿಂಗಳೊಳಗೆ ದಾನವಾಗಿ ಬಂದ ಅರಿವೆಯನ್ನು ಅದೇ ದಿನ ಕತ್ತರಿಸಿ, ಹೊಲಿದು, ಬಣ್ಣ ಹಾಕಿ ಚೀವರವಾಗಿಸಬೇಕು.

ಗ್ರಂಥದ ಈ ವಿಧಿಗಳು ನಿಜ ಜೀವನದಲ್ಲಿ ನಡೆದದ್ದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷ್ಯ ದೊರೆಯುವುದು ನಾಸಿಕದ ಗುಹೆಯೊಂದರಲ್ಲಿ. ಕ್ಷಹರಾತ ವಂಶದ ಅರಸ ನಹಪಾನನ ಅಳಿಯ ಉಷವದಾತನು, 42ನೆಯ ವರ್ಷದ ಉಲ್ಲೇಖವಿರುವ ಶಾಸನದಲ್ಲಿ, 3000 ಕಾರ್ಷಾಪಣ ನಾಣ್ಯಗಳ ನಿಧಿಯನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ, ಎಂದರೆ ವೃತ್ತಿಸಂಘಗಳಲ್ಲಿ, ಇರಿಸಿದ್ದಾಗಿ ಹೇಳುತ್ತಾನೆ. ಅದರಲ್ಲಿ 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ; ತನ್ನ ಗುಹೆಯಲ್ಲಿ ವಸ್ಸ ನಡೆಸುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ ಹಣ. ವರ್ಷದ ಬಡ್ಡಿ 240, ವೆಚ್ಚವೂ 240: ಒಂದು ಕಾಸೂ ಹೆಚ್ಚುಕಡಿಮೆಯಿಲ್ಲ. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸಬೇಕೆಂಬ ಷರತ್ತೂ ಇದೆ. ಕಾರ್ಲೆಯ ಗುಹೆಗಳಲ್ಲಿ ವಸ್ಸ ಕಳೆಯುವವರಿಗಾಗಿ ಇದೇ ಉಷವದಾತನು ಒಂದು ಗ್ರಾಮವನ್ನೇ ದತ್ತಿ ಕೊಟ್ಟಿದ್ದಾನೆ. ಅಲೆಮಾರಿ ಸಂಘವು ಸ್ಥಿರ ವಿಹಾರಗಳಾಗಿ ಬೆಳೆಯಲು ವಸ್ಸಾವಾಸವೇ ಮೂಲವೆಂದು ವಿದ್ವಾಂಸ ಸುಕುಮಾರ ದತ್ತರು ವಾದಿಸಿದ್ದರು. ಆ ವಾದ ಸರಿಯೇ ಇದ್ದರೂ ಅದು ಗೋಡೆಗಳ ಚರಿತ್ರೆಯನ್ನು ಹೇಳುತ್ತದೆಯೇ ಹೊರತು, ಆ ಗೋಡೆಗಳ ನಡುವಣ ಬಾಳಿಗೆ ಬಟ್ಟೆ ಒದಗಿಸಿದ ಮಗ್ಗಗಳ ಚರಿತ್ರೆಯನ್ನಲ್ಲ.

ಭಾರತದ ಬಹುಭಾಗದಲ್ಲಿ ಸಂಘ ಕ್ಷೀಣಿಸಿದ ಮೇಲೂ ಆಚರಣೆ ಅನ್ಯತ್ರ ಉಳಿಯಿತು. ಕರ್ನಾಟಕದಲ್ಲಿ ನೆಲೆಸಿದ ಟಿಬೆಟನ್ ಭಿಕ್ಷುಗಳು ಮೂಲಸರ್ವಾಸ್ತಿವಾದ ಪರಂಪರೆಯ ವಿನಯದಂತೆ, ತಮ್ಮದೇ ಪಂಚಾಂಗವನ್ನು ಅನುಸರಿಸಿ ಇದನ್ನು ನಡೆಸುತ್ತಾರೆ. ಥಾಯ್ಲೆಂಡಿನಲ್ಲಿ ಯುವಕರು ಒಂದು ವಸ್ಸದ ಮಟ್ಟಿಗೆ ದೀಕ್ಷೆ ಪಡೆದು ಮತ್ತೆ ಮನೆಗೆ ಮರಳುವ ರೂಢಿಯಿದೆ. ಶ್ರೀಲಂಕೆಯಲ್ಲಿ ಒಂದು ವಿಹಾರಕ್ಕೆ ವರ್ಷದಲ್ಲಿ ಒಂದೇ ಕಠಿಣ ಚೀವರ ಸಲ್ಲುವುದರಿಂದ, ಅದನ್ನು ಅರ್ಪಿಸಬಯಸುವ ಉಪಾಸಕರು ವಸ್ಸದ ಆರಂಭದಲ್ಲೇ ಭಿಕ್ಷುಗಳನ್ನು ಆಹ್ವಾನಿಸಿ, ಮೂರು ತಿಂಗಳ ಊಟೋಪಚಾರದ ಹೊಣೆಯನ್ನು ಹೊರುತ್ತಾರೆ.