ಕನ್ನಡಕ ಹಾಕಿದರೆ ನಂಬರು ಏರುವುದೆ?

ಕಪ್ಪುಹಲಗೆ ಕಾಣದೆಂದು ಮಗು ಹೇಳಿದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಆಡುವ ಮಾತು ಗೊತ್ತೇ ಇದೆ: "ಇಷ್ಟು ಬೇಗ ಕನ್ನಡಕ ಬೇಡ, ಕಣ್ಣು ಅದಕ್ಕೇ ಒಗ್ಗಿಬಿಡುತ್ತದೆ." ಹೆಣ್ಣುಮಗುವಾದರೆ ಹಿಂಜರಿಕೆ ಇನ್ನೂ ಒಂದು ತೂಕ ಹೆಚ್ಚು. ಆದರೆ ಈ ಶಂಕೆ ನಮ್ಮ ಅಜ್ಜಿಯರದು ಮಾತ್ರವಲ್ಲ, ವೈದ್ಯರಲ್ಲೂ ಬಹುಕಾಲ ಇತ್ತು.

ಸಮೀಪದೃಷ್ಟಿಯುಳ್ಳವರ ಕಣ್ಣಿನಲ್ಲಿ ದೂರದ ವಸ್ತುವಿನ ಕಿರಣಗಳು ಅಕ್ಷಿಪಟವನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತವೆ. ನಿಮ್ನ ಮಸೂರ ಅದನ್ನು ಸರಿಪಡಿಸುತ್ತದೆ. ಇದನ್ನು 1604ರಲ್ಲಿ ವಿವರಿಸಿದವನು ಗ್ರಹಗಳ ಲೆಕ್ಕ ಹಾಕಿದ ಕೆಪ್ಲರನೇ. ಈ ದೋಷಕ್ಕೂ ಓದಿಗೂ ನಂಟಿರುವುದನ್ನು ಅಂಕಿಗಳಲ್ಲಿ ತೋರಿಸಿದವನು ಹರ್ಮನ್ ಕೋನ್. 1867ರಲ್ಲಿ ಪ್ರಕಟವಾದ ವರದಿಗಾಗಿ ಆತ ಬ್ರೆಸ್ಲೌ ನಗರ ಮತ್ತು ಸುತ್ತಲಿನ 10,060 ಮಕ್ಕಳ ಕಣ್ಣು ನೋಡಿದ. ಹಳ್ಳಿಶಾಲೆಗಳಲ್ಲಿ ನೂರಕ್ಕೆ ಇಬ್ಬರಿಗೂ ಈ ದೋಷವಿರಲಿಲ್ಲ. ಗಿಮ್ನಾಸಿಯಂ ಎಂಬ ಉನ್ನತ ಶಾಲೆಗಳಲ್ಲಿ ನೂರಕ್ಕೆ 26 ಮಂದಿಗಿತ್ತು!

ಓದೇ ಕಾರಣವಾದರೆ, ಪೂರ್ತಿ ನಂಬರಿನ ಕನ್ನಡಕ ಹಾಕಿ ಓದಿದಾಗ ಕಣ್ಣಿಗೆ ಶ್ರಮ ಹೆಚ್ಚಲ್ಲವೆ? ಹೀಗೆಂದು ಹಲವರು ಬೇಕಾದದ್ದಕ್ಕಿಂತ ಕಡಿಮೆ ನಂಬರು ಬರೆದುಕೊಡುತ್ತಿದ್ದರು. 1988ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಅನುಮಾನಕ್ಕೆ ಬಲ ಕೊಟ್ಟಿತು: ಕೋಳಿಮರಿಗಳ ಕಣ್ಣಿಗೆ ಮೈನಸ್ ಮಸೂರ ಕಟ್ಟಿದಾಗ ಕಣ್ಣುಗುಡ್ಡೆಯೇ ಉದ್ದವಾಗಿ ಬೆಳೆಯಿತು. ಹಿರಿಯರ ಮಾತನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ.

ಆದರೆ ಮಕ್ಕಳು ಕೋಳಿಮರಿಗಳಲ್ಲವಲ್ಲ. ಮಲೇಷ್ಯಾದಲ್ಲಿ 94 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ತಿ ನಂಬರು, ಇನ್ನೊಂದಕ್ಕೆ ಸುಮಾರು 0.75 ಕಡಿಮೆ ಕೊಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಎರಡು ವರ್ಷಗಳಲ್ಲಿ ಪೂರ್ತಿ ನಂಬರಿನವರ ದೋಷ ಸರಾಸರಿ 0.77 ಡಯಾಪ್ಟರ್ ಏರಿದರೆ, ಕಡಿಮೆ ನಂಬರಿನವರದು 1.00 ಏರಿತ್ತು. ಮುಂದಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಿಲ್ಲ, ನಿಜ. ಆದರೂ ಅರೆನಂಬರು ಮದ್ದೆಂದು ಸಾಬೀತಾಗಲಿಲ್ಲ. ಮಗು ಮಂಜುಮಂಜಾಗಿ ಕಂಡು ಪಟ್ಟ ಕಷ್ಟವಷ್ಟೇ ಲಾಭ.

ಕೋಳಿಮರಿಯ ಪಾಠ ಮಾತ್ರ ವ್ಯರ್ಥವಾಗಲಿಲ್ಲ. ಮಸೂರದಿಂದ ಕಣ್ಣಿನ ಬೆಳವಣಿಗೆಯನ್ನು ಹೆಚ್ಚಿಸಬಹುದಾದರೆ ತಗ್ಗಿಸಲೂ ಬಹುದಲ್ಲ! ಹಾಂಗ್‌ಕಾಂಗಿನಲ್ಲಿ ತಯಾರಾದ ಒಂದು ಮಸೂರದ ನಡುಭಾಗದಲ್ಲಿ ಪೂರ್ತಿ ನಂಬರು, ಅದರ ಸುತ್ತ ನೂರಾರು ಪುಟ್ಟ ಮಸೂರಗಳು. 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವರ್ಷ ಇದನ್ನು ಧರಿಸಿದ ಮಕ್ಕಳ ನಂಬರು ಸಾಮಾನ್ಯ ಕನ್ನಡಕದವರಿಗಿಂತ ಸುಮಾರು ಅರ್ಧದಷ್ಟೇ ಏರಿತು. ಬೆಲೆ ಸಾಮಾನ್ಯ ಮಸೂರಕ್ಕಿಂತ ಬಹಳ ಹೆಚ್ಚು. ಆದರೆ ಕಪ್ಪುಹಲಗೆ ಕಾಣಲು ಸಾಮಾನ್ಯ ಕನ್ನಡಕವೇ ಸಾಕು, ನಂಬರು ಮಾತ್ರ ಪೂರ್ತಿ ಇರಲಿ.