ಗಿನಿಯ ವಾದ್ಯವೃಂದಗಳು ಮತ್ತು ಪ್ರಭುತ್ವ

ಫ್ರೆಂಚ್ ಆಳ್ವಿಕೆಯಿಂದ 1958ರ ಅಕ್ಟೋಬರ್‌ನಲ್ಲಿ ಬಿಡುಗಡೆ ಪಡೆದ ಪಶ್ಚಿಮ ಆಫ್ರಿಕದ ಗಿನಿಯಲ್ಲಿ, ಮೊದಲ ಅಧ್ಯಕ್ಷ ಸೆಕು ಟೂರೆ ಅವರು ಯುರೋಪಿನ ನೃತ್ಯಸಂಗೀತ ನುಡಿಸುತ್ತಿದ್ದ ಖಾಸಗಿ ತಂಡಗಳನ್ನು ವಿಸರ್ಜಿಸಿ, ಸರ್ಕಾರಿ ಸಂಬಳದ ಹೊಸ ವಾದ್ಯವೃಂದಗಳನ್ನು ಕಟ್ಟಿಸಿದರು. ಇವುಗಳ ಕಲಾವಿದರು ಗಿಟಾರ್, ಸ್ಯಾಕ್ಸೊಫೋನ್‌ಗಳನ್ನು ಕೈಬಿಡದೆ, ವಂಶಾವಳಿಗಳನ್ನೂ ವೀರಗಾಥೆಗಳನ್ನೂ ತಲೆಮಾರುಗಳಿಂದ ಹಾಡುತ್ತ ಬಂದ ಗ್ರಿಯೊ ಎಂಬ ಗಾಯಕ ಮನೆತನಗಳ ಧಾಟಿಗಳನ್ನು ಅವುಗಳಿಗೆ ಒಗ್ಗಿಸಿಕೊಂಡರು. ಸರ್ಕಾರದ್ದೇ ಆದ ಧ್ವನಿಮುದ್ರಿಕೆ ಸಂಸ್ಥೆ ಸಿಲಿಫೋನ್ ಆ ಸಂಗೀತವನ್ನು ದೇಶದಾಚೆಗೂ ಒಯ್ದಿತು. ಒಳನಾಡಿನ ಬೇಲಾ ಪಟ್ಟಣದಲ್ಲಿ 1961ರಲ್ಲಿ ಹುಟ್ಟಿ, 1966ರಲ್ಲಿ ರಾಷ್ಟ್ರೀಯ ತಂಡವೆನಿಸಿದ ಬೆಂಬೆಯಾ ಜಾಝ್, ಫ್ರೆಂಚರನ್ನು ಎದುರಿಸಿದ 19ನೆಯ ಶತಮಾನದ ದೊರೆ ಸಮೋರಿ ಟೂರೆಯ ಕಥೆಯನ್ನು ಸುದೀರ್ಘ ಕೃತಿಯಾಗಿ ಹಾಡಿತು. ಅಧ್ಯಕ್ಷರು ತಾವು ಆ ದೊರೆಯ ವಂಶಜರೆಂದು ಹೇಳಿಕೊಳ್ಳುತ್ತಿದ್ದುದರಿಂದ, ಗತಕಾಲದ ವೀರನ ಸ್ತುತಿಯು ಆಳುವವರ ಸ್ತುತಿಯೂ ಆಯಿತು. ಆದರೂ ಅದನ್ನು ಬರಿಯ ಪ್ರಚಾರವೆಂದು ತಳ್ಳಿಹಾಕುವುದು ಅನ್ಯಾಯ; ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆಗಳನ್ನು ಕಟ್ಟಿದ ಬಾಲಫೋನ್ ವಾದ್ಯದ ನಡೆಯನ್ನು ಗಿಟಾರ್ ತಂತಿಗಳಲ್ಲಿ ಮೂಡಿಸಿದ, ಅದೇ ತಂಡದ ಸೆಕು ಜಬಾತೆ ಅವರ ವಾದನ ಯಾವ ಪ್ರಭುತ್ವದ ಆಜ್ಞೆಯಿಂದಲೂ ಹುಟ್ಟುವಂಥದ್ದಲ್ಲ. ಕಲೆಯನ್ನು ಹೀಗೆ ಪೋಷಿಸಿದ ಅದೇ ಸರ್ಕಾರವು, ಗಿನಿಯ ನೃತ್ಯವನ್ನು ಜಗತ್ತಿನ ವೇದಿಕೆಗಳಿಗೆ ಕೊಂಡೊಯ್ದ ನೃತ್ಯತಂಡವೊಂದರ ಸ್ಥಾಪಕರೂ ತನ್ನದೇ ಸಚಿವರೂ ಆಗಿದ್ದ ಫೊದೆಬಾ ಕೈಟಾ ಅವರನ್ನು ಪಿತೂರಿಯ ಆರೋಪದ ಮೇಲೆ ಸೆರೆಗೆ ತಳ್ಳಿ, 1969ರಲ್ಲಿ ಕೊಲ್ಲಿಸಿತು.